ಕರಿ ಅಕ್ಷರದ ಗುಗ್ಗರಿ ಹಬ್ಬ

ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ಹಬ್ಬ ಇರಬೇಕು, ಯಾವುದು ಇರಬಾರದು ಎಂದು ಹೇಳುವ ಕೆಲಸ ಒಂದು ಕಾಲಕ್ಕೆ ನನ್ನ ಕೈಯಲ್ಲಿತ್ತು. ದೊಡ್ಡ ಹಬ್ಬಗಳಲ್ಲ. ಅವನ್ನು ಪಂಚಾಂಗದವರು ನೋಡಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದವು ಪಂಚಾಂಗದಲ್ಲಿಲ್ಲದ, ಅಡುಗೆಮನೆಯಲ್ಲಿ ಮಾತ್ರ ಇರುವ ಸಣ್ಣ ಹಬ್ಬಗಳು. ಇಂಥ ದಿನ ಮನೆಮನೆಗೆ ರೊಟ್ಟಿ ಬೀರಬೇಕು, ಇಂಥ ದಿನ ಕಡಬು ಆಗಲೇಬೇಕು ಎನ್ನುವಂಥವು. ಅವುಗಳಲ್ಲಿ ಒಂದನ್ನು ನಾನು ಸುಳ್ಳೆಂದು ಹೊಡೆದುಹಾಕಿದೆ, ಇನ್ನೊಂದನ್ನು ಖರೆಯೆಂದು ಬರೆದೆ. ಎರಡೂ ತಪ್ಪಾದವು. ಸರಿ ಯಾವುದಿತ್ತು ಎಂಬುದು ಎಂಬತ್ತು ದಾಟಿದ ಮೇಲೂ ನನಗೆ ಪೂರ್ತಿ ತಿಳಿದಿಲ್ಲ. ಅದರಿಂದ ಒಬ್ಬ ಹೆಣ್ಣುಮಗಳಿಗೆ ಏನಾಯಿತು ಎಂಬುದು ಮಾತ್ರ ಚೆನ್ನಾಗಿ ತಿಳಿದಿದೆ.

ರೋಣದಲ್ಲಿ ಮ್ಯಾಟ್ರಿಕ್ ಮುಗಿಸಿ ಗಜೇಂದ್ರಗಡದ ಒಬ್ಬ ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಐವತ್ತರ ದಶಕದ ನಡುವಿನ ಮಾತು. ಸಾಹುಕಾರರು ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದರು. ಯುಗಾದಿಗೊಮ್ಮೆ ಅಂಗಡಿಯ ಹೆಸರಿನ ಕ್ಯಾಲೆಂಡರ್ ಅಚ್ಚು ಹಾಕಿಸಿ ನೇಕಾರರ ಮನೆಗಳಿಗೂ ಗಿರಾಕಿಗಳಿಗೂ ಹಂಚುವುದು ರೂಢಿ. ಅದರಲ್ಲಿ ಕೆಂಪು ಅಕ್ಷರದಲ್ಲಿದ್ದ ದಿನ ಮಗ್ಗ ನಿಲ್ಲಿಸಬಹುದು, ಕರಿ ಅಕ್ಷರದ ದಿನ ನಿಲ್ಲಿಸುವಂತಿಲ್ಲ. ಮುಂದಿನ ಯುಗಾದಿಯಿಂದ ನಡೆಯಲಿ ಎಂದು ಈ ಕಟ್ಟಳೆಯನ್ನು ನಾನು ಸೇರಿದ ವರ್ಷ ಸಾಹುಕಾರರೇ ಮಾಡಿದ್ದರು. ತೊಂದರೆ ಶುರುವಾದದ್ದೂ ಅದರಿಂದಲೇ.

"ಈ ಮಂದಿಗೆ ದಿನಾ ಒಂದು ಹಬ್ಬ," ಎಂದು ಅವರು ಒಂದು ದಿನ ನನ್ನ ಮುಂದೆ ಕ್ಯಾಲೆಂಡರ್ ಹರವಿದರು. "ಇವತ್ತ ಅಜ್ಜಿ ಹಬ್ಬರಿ, ನಾಳಿ ರೊಟ್ಟಿ ಹಬ್ಬರಿ ಅಂತಾರ. ಕೇಳಿದ್ರ, ನಮ್ಮ ಹಿರ್ಯಾರು ಮಾಡ್ಕೋತ ಬಂದಾರ ಅಂತಾರ. ನೀ ಸಾಲಿ ಕಲತಾಂವ ಅದೀ. ಊರೂರು ತಿರುಗಿ ಕೇಳಿಕೊಂಡ ಬಾ. ಖರೇ ಇದ್ದದ್ದು ಕೆಂಪಗ ಹಾಕೋಣು. ಸುಳ್ಳ ಇದ್ದದ್ದು ಬಿಡೋಣು."

ಖರೇ ಯಾವುದು ಎಂದು ಗೊತ್ತುಮಾಡುವುದು ಹೇಗೆ ಎಂದು ಅವರು ಹೇಳಲಿಲ್ಲ. ನಾನೇ ಒಂದು ಲೆಕ್ಕ ಹಾಕಿಕೊಂಡೆ. ಮೂರು ಬೇರೆ ಊರುಗಳಲ್ಲಿ ಮೂವರು ಹಿರಿಯ ಹೆಂಗಸರು ಒಂದೇ ಅಡುಗೆ, ಒಂದೇ ದಿನ ಹೇಳಿದರೆ ಆ ಹಬ್ಬ ಖರೇ. ಕಾಗದದ ಮೇಲೆ ಇದು ಚೆಂದ ಕಂಡಿತು. ಊರುಗಳಲ್ಲಿ ಕಾಣಲಿಲ್ಲ. ರೊಟ್ಟಿ ಹಬ್ಬ ಪಂಚಮಿಯ ಹಿಂದಿನ ದಿನ ಎಂದು ರೋಣದಲ್ಲಿ ಹೇಳಿದರೆ, ಹೊಳೆಆಲೂರಿನಲ್ಲಿ ಒಬ್ಬ ಮುದುಕಿ ಎರಡು ದಿನ ಮೊದಲು ಎಂದಳು. ಪಕ್ಕದ ಮನೆಯವಳು ಅದನ್ನು ಕೇಳಿ, "ಅಕಿ ಮನ್ಯಾಗ ಸೊಸಿ ಲಗೂ ರೊಟ್ಟಿ ಬಡೀತಾಳ್ರಿ, ಅದಕ್ಕ ಹಂಗ ಹೇಳ್ತಾಳ," ಎಂದು ನಕ್ಕಳು. ಅಸೂಟಿಯಲ್ಲಿ ಒಬ್ಬರು ಮೊದಲ ಮಳೆ ಬಿದ್ದ ದಿನ ತಪ್ಪದೆ ಭಜಿ ಮಾಡುವುದೂ ಹಬ್ಬವೇ ಎಂದು ವಾದಿಸಿದರು. ಮಳೆ ಯಾವತ್ತು ಬೀಳುತ್ತದೆಂದು ಕ್ಯಾಲೆಂಡರಿನಲ್ಲಿ ಹೇಗೆ ಬರೆಯಲಿ ಎಂದು ಕೇಳಿದ್ದಕ್ಕೆ, "ಅದು ನಿಮ್ಮ ಕೆಲಸ, ನಮಗೇನ ಕೇಳ್ತೀರಿ," ಎಂದರು. ನನ್ನ ನೋಟುಬುಕ್ಕು ತುಂಬುತ್ತಾ ಹೋಯಿತು, ತಲೆ ಕೆಡುತ್ತಾ ಹೋಯಿತು.

ಶ್ರಾವಣದಲ್ಲಿ ನರಗುಂದಕ್ಕೆ ಹೋದೆ. ಅದು ಸಾಹುಕಾರರ ಹೆಂಡತಿಯ ತವರೂರು. ಅವರ ತವರಿನಲ್ಲೇ ಇಳಿದುಕೊಂಡೆ. ಅವತ್ತು ಗುರುವಾರ. ಊಟಕ್ಕೆ ಕುಳಿತರೆ ಎಲೆಯ ಮೇಲೆ ಮಾದಲಿ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಬಟ್ಟಲ ತುಂಬ ಹಾಲು. ಮಾದಲಿ ಎಂದರೆ ಗೋದಿಯ ಪುಡಿಗೆ ಬೆಲ್ಲ ಕೂಡಿಸಿದ ಮದುವೆಯ ಊಟ, ಸುಮ್ಮನೆ ಮಾಡುವುದಲ್ಲ. ಇವತ್ತು ಏನು ವಿಶೇಷ ಎಂದು ಕೇಳಿದೆ. ಬಡಿಸುತ್ತಿದ್ದ ಮನೆಯ ಹಿರಿಯ ಹೆಣ್ಣುಮಗಳು ಸೆರಗು ಬಾಯಿಗೆ ಹಿಡಿದು, "ಇವತ್ತ ಮಾದಲಿ ಹಬ್ಬರಿ. ಬರಕೋರಿ," ಎಂದರು. ನಾನು ಎಡಗೈಯಲ್ಲಿ ನೋಟುಬುಕ್ಕು ತೆಗೆದು ಅಲ್ಲೇ ಬರೆದುಕೊಂಡೆ. ಒಳಗಿನಿಂದ ನಗು ಕೇಳಿಸಿತು. ನನಗೆ ಅದು ಹಬ್ಬದ ಮನೆಯ ನಗುವಿನಂತೆ ಕೇಳಿತು.

ಗಜೇಂದ್ರಗಡದಲ್ಲಿ ನಾನು ಉಳಿದುಕೊಂಡಿದ್ದು ಒಂದು ನೇಕಾರರ ಮನೆಯ ಹೊರಗಿನ ಕೋಣೆಯಲ್ಲಿ. ಮನೆಯಲ್ಲಿ ನಾನು ಆಯಿ ಎಂದು ಕರೆಯುತ್ತಿದ್ದ ಮುದುಕಿ, ಅವಳ ಮಗ, ಮತ್ತು ಸೊಸೆ. ಸೊಸೆ ನನಗಿಂತ ಎರಡು ಮೂರು ವರ್ಷ ದೊಡ್ಡವಳು, ನಾನು ಅಕ್ಕಾರ ಎನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣಾರ ಎನ್ನುತ್ತಿದ್ದಳು. ಅವಳ ತವರು ಹೊಳೆಮಣ್ಣೂರ. ಅಲ್ಲಿ ತಾಯಿ ಒಬ್ಬಳೇ ಇದ್ದಳು, ಕಣ್ಣು ಮಂಜಾಗಿತ್ತು. ಗಂಡ ಮಗ್ಗದಲ್ಲಿ ಕುಳಿತರೆ ಹೆಂಡತಿ ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ರಾಟೆಯ ಮೇಲೆ ಸುತ್ತಿ ಕೊಡಬೇಕು. ಅವಳು ಎದ್ದರೆ ಮಗ್ಗ ನಿಲ್ಲುತ್ತದೆ. ಪಂಚಮಿಗೆ ಎಲ್ಲ ಹೆಣ್ಣುಮಕ್ಕಳೂ ತವರಿಗೆ ಹೋಗುವಾಗ ಇವಳ ದಾರಿಯನ್ನು ತುಂಬಿ ಹರಿಯುವ ಮಲಪ್ರಭೆ ಕಟ್ಟಿರುತ್ತಿದ್ದಳು. ದೀಪಾವಳಿಗೆ ಹೋಗೋಣವೆಂದರೆ ಸೀರೆಗಳ ಗಡಿಬಿಡಿ. ವರ್ಷದಲ್ಲಿ ಅವಳಿಗೆ ಒಂದೇ ದಿನ ಸಿಗುತ್ತಿತ್ತು. ಮಾಘದ ಭಾರತ ಹುಣ್ಣಿಮೆಯಾದ ಮೂರನೆಯ ದಿನ, ಗುಗ್ಗರಿ ಹಬ್ಬ. ಅವತ್ತು ಆ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಹೊಸ ಜೋಳ, ಹುರುಳಿ, ಕಡಲೆ ಕುದಿಸಿ ಗುಗ್ಗರಿ ಮಾಡಿ, ಸೊಸೆಯಾದವಳು ತವರಿಗೆ ಒಂದು ಬಟ್ಟಲು ಒಯ್ಯಬೇಕು. ಅವಳು ಮೊದಲ ಬಸ್ಸಿಗೆ ಹೋಗಿ, ತಾಯಿಯ ಹತ್ತಿರ ಒಂದು ರಾತ್ರಿ ಇದ್ದು, ಮರುದಿನ ಬರುತ್ತಿದ್ದಳು.

ನಾನು ಹಬ್ಬಗಳ ಪಟ್ಟಿ ಮಾಡುತ್ತಿದ್ದೇನೆಂದು ತಿಳಿದಾಗ ಅವಳು ಕೇಳಿದ್ದು ಇಷ್ಟೇ: "ನಮ್ಮ ಗುಗ್ಗರಿ ಹಬ್ಬಾ ಬರದೀರೇನ್ರಿ ಅಣ್ಣಾರ?"

"ನಿಮ್ಮ ಊರಾಗ ಕೇಳಿ ಬರೀತೀನ್ರಿ," ಎಂದೆ.

ಪುಷ್ಯದಲ್ಲಿ ಹೊಳೆಮಣ್ಣೂರಿಗೆ ಹೋದೆ. ಗುಗ್ಗರಿ ಹಬ್ಬ ಎಂದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಅವಳ ತಾಯಿಯ ಮನೆ ಹುಡುಕಿಕೊಂಡು ಹೋದೆ. ಮುದುಕಿ ಬಾಗಿಲಲ್ಲಿ ಕುಳಿತು ಕೈಯಿಂದ ತಡವಿ ಕಾಳು ಆರಿಸುತ್ತಿದ್ದಳು.

"ಯವ್ವಾ, ಗುಗ್ಗರಿ ಹಬ್ಬ ಅಂತ ಐತಂತಲ್ಲ, ನಿಮ್ಮ ಊರಾಗ ಮಾಡ್ತೀರೇನು?"

"ನಾ ಮಾಡ್ತೀನಪಾ."

"ಮತ್ತ ಬಾಕಿ ಮಂದಿ?"

"ಬಾಕಿ ಮಂದಿ ಯಾಕ ಮಾಡ್ತಾರ. ಅವತ್ತ ನನ್ನ ಮಗಳು ಬರ್ತಾಳ, ನನಗ ಹಬ್ಬ. ನೀ ಗಜೇಂದ್ರಗಡದಾಂವ ಏನು? ಬರಕೊಳ್ಳಾಕ ಬಂದೀಯಂತ. ಬರಕೋ. ನನ್ನ ಮುಂದ ಬರಕೋ."

ಅವಳು ನನ್ನ ಹತ್ತಿರ ಸರಿದು ಪೆನ್ಸಿಲು ಕಾಗದದ ಮೇಲೆ ಓಡುವ ಸಪ್ಪಳ ಕೇಳಿದಳು. ನಾನು ಗುಗ್ಗರಿ ಹಬ್ಬ, ಮಾಘ ಬಹುಳ ತದಿಗೆ ಎಂದು ಬರೆದೆ. "ಆತೇನು?" ಎಂದಳು. ಆತು ಎಂದೆ. ಒಂದು ತುಂಡು ಬೆಲ್ಲ ಕೊಟ್ಟಳು.

ಗಜೇಂದ್ರಗಡಕ್ಕೆ ಮರಳಿ ಆಯಿಯನ್ನು ಒಬ್ಬಳೇ ಇದ್ದಾಗ ಕೇಳಿದೆ. ಆಯಿ ನೂಲಿನ ಲಡಿ ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು: "ನಾನ ಮಾಡಿದ್ದು ತಮ್ಮಾ. ಸೊಸಿ ಬಂದ ವರ್ಷ ಮೂಲ್ಯಾಗ ಕುಂತು ಅಳ್ತಿತ್ತು. ನನ್ನ ಮಗಾ ಮಗ್ಗಾ ಬಿಟ್ಟು ಏಳೂದಿಲ್ಲ. ದೇವರ ಹೆಸರ ಹೇಳಿದ್ರ ಎದ್ದಾನು ಅಂತ, ನಮ್ಮ ತವರಾಗ ಹಿಂಗೊಂದು ಹಬ್ಬ ಐತಿ ಅಂದ್ನಿ. ಓಣ್ಯಾಗಿನ ಬಾಕಿ ಸೊಸ್ತ್ಯಾರೂ ನಮ್ಮದೂ ಅಂದ್ರು. ಈಗ ಎಂಟು ವರ್ಷಾತು. ನೀ ಎಲ್ಲಿ ಹೇಳಾಕ ಹೋಗಬ್ಯಾಡ."

ನಾನು ಯಾರಿಗೂ ಹೇಳಲಿಲ್ಲ. ಅಷ್ಟರ ಮಟ್ಟಿಗೆ ಮಾತು ಉಳಿಸಿಕೊಂಡೆ.

ಆ ವರ್ಷದ ಗುಗ್ಗರಿ ಹಬ್ಬ ಎಂದಿನಂತೆ ನಡೆಯಿತು, ಅವಳು ತವರಿಗೆ ಹೋಗಿ ಬಂದಳು. ಅದಾಗಿ ಕೆಲವು ದಿನಕ್ಕೆ ಅಚ್ಚಿಗೆ ಪಟ್ಟಿ ಕಳಿಸುವ ಹೊತ್ತು ಬಂತು. ಸಾಹುಕಾರರು ಎಣಿಸಿ, "ಒಂದು ಹೆಚ್ಚಾತು. ಒಂದು ತಗಿ," ಎಂದರು. ರೊಟ್ಟಿ ಹಬ್ಬ, ಎಳ್ಳಮಾಸಿಗೆ ಹೊಲಕ್ಕೆ ಚೆಲ್ಲುವ ಚರಗ, ಅಜ್ಜಿ ಹಬ್ಬ ಮುಟ್ಟುವಂತಿರಲಿಲ್ಲ. ಉಳಿದವು ಮಾದಲಿ ಮತ್ತು ಗುಗ್ಗರಿ. ಮೂರು ಊರಿನ ಲೆಕ್ಕಕ್ಕೆ ಎರಡೂ ನಿಲ್ಲುವುದಿಲ್ಲ. ಆದರೆ ಒಂದು ಸುಳ್ಳೆಂದು ಅದನ್ನು ಹುಟ್ಟಿಸಿದವಳ ಬಾಯಿಂದಲೇ ಕೇಳಿದ್ದೆ. ಇನ್ನೊಂದು ಸಾಹುಕಾರರ ಬೀಗರ ಮನೆಯದು, ನಾನೇ ಕುಳಿತು ಉಂಡದ್ದು. ಗುಗ್ಗರಿಯ ಮೇಲೆ ಗೆರೆ ಎಳೆದೆ. ಎಳೆಯುವಾಗ ನ್ಯಾಯ ಮಾಡುತ್ತಿದ್ದೇನೆ ಎಂದೇ ಅನಿಸಿತ್ತು. ಬೀಗರು ಖುಷಿಯಾದಾರು ಎಂಬ ಆಸೆಯೂ ಅದರೊಳಗಿತ್ತು. ಎಷ್ಟು ಪಾಲು ನ್ಯಾಯ, ಎಷ್ಟು ಪಾಲು ಆಸೆ ಎಂದು ಈಗ ಬೇರ್ಪಡಿಸಲು ನನ್ನಿಂದಾಗದು.

ಕ್ಯಾಲೆಂಡರ್ ಬಂದಾಗ ಸಾಹುಕಾರರ ಹೆಂಡತಿ ಶ್ರಾವಣದ ಪುಟ ನೋಡಿ, "ನಮ್ಮ ತವರಾಗ ಮಾದಲಿ ಹಬ್ಬಾ? ನಾ ಒಂದಿನಾನೂ ಕಂಡಿಲ್ಲ," ಎಂದರು. "ನಾ ಇಲ್ಲಿಗೆ ಬಂದಮ್ಯಾಲ ಸುರು ಮಾಡಿರಬೇಕು," ಎಂದು ತಾವೇ ಸಮಾಧಾನ ಮಾಡಿಕೊಂಡರು. ಆಮೇಲೆ ತವರಿಗೆ ಹೋಗಿ ಬಂದು ನಗುತ್ತಾ ಹೇಳಿದರು. ಅಂದು ಮಾದಲಿ ಮಾಡಿದ್ದು ನನಗಾಗಿ. ಅಳಿಯನ ಅಂಗಡಿಯ ಮನುಷ್ಯ ಮೊದಲ ಸಲ ಬಂದಿದ್ದಾನೆ, ಸಿಹಿ ಉಣಿಸದೆ ಕಳಿಸಬಾರದು ಎಂದು. ನೋಟುಬುಕ್ಕು ಕಂಡು ಚೇಷ್ಟೆ ಮಾಡಿದ್ದರಂತೆ. ಅಷ್ಟರಲ್ಲಿ ಕ್ಯಾಲೆಂಡರ್ ಊರೆಲ್ಲ ಹಂಚಿಯಾಗಿತ್ತು. ಸಾಹುಕಾರರು ನಕ್ಕು, "ಇರಲಿ ಬಿಡು, ಕೆಂಪಗ ಬಿದ್ದದ್ದು ಬಿತ್ತು," ಎಂದರು.

ಅಂದರೆ ಅತ್ತೆ ಸೊಸೆಗಾಗಿ ಹುಟ್ಟಿಸಿದ, ತಾಯಿ ತನ್ನ ಮಗಳಿಗಾಗಿ ಎಂಟು ವರ್ಷ ಮಾಡಿದ ಹಬ್ಬ ಸುಳ್ಳಾಯಿತು, ನನ್ನ ಒಂದು ಹೊತ್ತಿನ ಊಟ ಹಬ್ಬವಾಯಿತು. ನಾನು ಇದನ್ನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ, ತಲೆಬುಡ ಹತ್ತುತ್ತಿರಲಿಲ್ಲ.

ಇಲ್ಲಿಯವರೆಗಿನದು ತಿಳಿಗೇಡಿತನ. ಮುಂದಿನದು ಹಾಗಲ್ಲ. ಕ್ಯಾಲೆಂಡರನ್ನು ಮನೆಗೆ ಒಯ್ದು ಕೊಟ್ಟ ದಿನ ಸೊಸೆ ಅದನ್ನು ಗೋಡೆಗೆ ತೂಗುಹಾಕಿ, "ನಮ್ಮದು ಎಲ್ಲೈತಿ ತೋರಸ್ರಿ ಅಣ್ಣಾರ," ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಇಲ್ಲ ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಪುಟ ತಿರುವಿ ಮಾಘದಲ್ಲಿ, ಹುಣ್ಣಿಮೆ ದಾಟಿ, ತದಿಗೆ ಎಂದು ಅಚ್ಚಾಗಿದ್ದ ಚೌಕದ ಮೇಲೆ ಬೆರಳಿಟ್ಟೆ.

ಅವಳು ಹತ್ತಿರ ಬಂದು ನೋಡಿದಳು. "ಬಾಕಿ ಹಬ್ಬ ಕೆಂಪಗ ಅದಾವ. ಇದ್ಯಾಕ್ರಿ ಕರ್ರಗ?"

"ಸಣ್ಣ ಹಬ್ಬ ಕರಿ ಅಕ್ಷರದಾಗ ಹಾಕ್ತಾರ್ರಿ," ಎಂದೆ.

ಅವಳು ಆ ಚೌಕದ ಮೇಲೆ ಕುಂಕುಮದ ಬೊಟ್ಟು ಇಟ್ಟಳು. ಹಿಂದೆ ನಿಂತಿದ್ದ ಆಯಿ ನನ್ನನ್ನು ನೋಡಿದಳು. ಅವಳಿಗೂ ಓದು ಬರುತ್ತಿರಲಿಲ್ಲ, ಆದರೆ ನನ್ನ ಮುಖ ಓದಿರಬೇಕು. ನೂಲಿನ ಲಡಿ ಎತ್ತಿಕೊಂಡು ಒಳಗೆ ಹೋದಳು. ಹಬ್ಬ ಹುಟ್ಟಿಸಿದವಳು ತಾನೇ ಎಂದು ನನಗೆ ಗೊತ್ತಿತ್ತಲ್ಲ, ಆ ಹೆದರಿಕೆ ಅವಳ ಬಾಯಿ ಕಟ್ಟಿತೋ ಏನೋ.

ಅವಳಿಗೆ ನಿಜ ಹೇಳಲು ನನಗೆ ಹತ್ತು ತಿಂಗಳಿಗಿಂತ ಹೆಚ್ಚು ಸಮಯವಿತ್ತು. ನಾಳೆ ಹೇಳೋಣ ಎಂದುಕೊಂಡೇ ಅಷ್ಟನ್ನೂ ಕಳೆದೆ. ಮಾಘ ಬಂತು. ತದಿಗೆಯ ದಿನ ಬೆಳಿಗ್ಗೆ ಅವಳು ತಲೆ ಬಾಚಿಕೊಂಡು, ಗುಗ್ಗರಿ ಬಟ್ಟಲಿಗೆ ಬಟ್ಟೆ ಕಟ್ಟಿ ಅಂಗಳಕ್ಕೆ ಬಂದಳು. ಅದೇ ಹೊತ್ತಿಗೆ ಮಗ್ಗಗಳನ್ನು ನೋಡಿಕೊಳ್ಳುವ ಅಂಗಡಿಯ ಮನುಷ್ಯ ಓಣಿಯಲ್ಲಿ ಬಂದು, ಇವತ್ತು ಕೆಂಪು ಇಲ್ಲ, ಮಗ್ಗ ನಡೆಯಬೇಕು ಎಂದು ಹೇಳಿ ಹೋದ. ಅವಳು ಒಳಗೆ ಓಡಿ ಕ್ಯಾಲೆಂಡರ್ ತಂದು ತೋರಿಸಿದಳು.

"ಇಲ್ಲೈತಲ್ರಿ. ಅಣ್ಣಾರು ತೋರಿಸ್ಯಾರ."

"ಇದು ಬರೇ ತದಿಗಿ ಐತವಾ. ಹಬ್ಬಿಲ್ಲ ಏನಿಲ್ಲ," ಎಂದ ಅವನು.

ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ತಿರುಗಿ ಒಮ್ಮೆ ನೋಡಿದಳು, ಅಷ್ಟೇ. ಬಟ್ಟಲಿನ ಗಂಟು ಬಿಚ್ಚಿ ಒಳಗಿಟ್ಟು ರಾಟೆಯ ಮುಂದೆ ಕುಳಿತಳು. ಗಂಡ ಮಗ್ಗದ ಕುಣಿಗೆ ಇಳಿದ.

ಹೊಳೆಮಣ್ಣೂರಿನ ಮುದುಕಿ ಅಂದು ಬಾಗಿಲಲ್ಲಿ ಕುಳಿತವಳು ದೀಪ ಹಚ್ಚುವವರೆಗೂ ಏಳಲಿಲ್ಲವೆಂದು ಆಮೇಲೆ ಅವಳ ಊರಿನವರು ಹೇಳಿದರು. ಯಾಕೆ ಕುಂತಿ ಎಂದರೆ, "ಬರಸೀನಿ, ಬರ್ತಾಳ," ಎನ್ನುತ್ತಿದ್ದಳಂತೆ. ಯುಗಾದಿಗೆ ಮೊದಲೇ ತೀರಿಕೊಂಡಳು. ಮಗಳು ಹೋದದ್ದು ತಾಯಿಯ ಮಣ್ಣಿಗೆ.

ಮುಂದಿನ ಮಾಘದಲ್ಲಿ, ಅದೇ ತದಿಗೆಯ ದಿನ, ಅವಳು ಅಂಗಡಿಗೆ ಬಂದಳು. ನನ್ನ ಮುಂದೆ ಹೊಸ ವರ್ಷದ ಕ್ಯಾಲೆಂಡರಿನ ಪಟ್ಟಿ ಹರವಿಕೊಂಡಿತ್ತು. ಬಟ್ಟೆ ಕಟ್ಟಿದ ಬಟ್ಟಲನ್ನು ಅದರ ಪಕ್ಕಕ್ಕಿಟ್ಟಳು.

"ತಿನ್ರಿ ಅಣ್ಣಾರ. ಇದನ್ನ ಒಯ್ಯಾಕ ನನಗ ಇನ್ನ ಊರಿಲ್ಲ."

ನನ್ನ ಕೈಯಲ್ಲಿ ಪೆನ್ನು ಇತ್ತು. "ಈ ವರ್ಷ ಕೆಂಪಗ ಬರಸ್ತೀನ್ರಿ ಅಕ್ಕಾರ," ಎಂದೆ.

ಅವಳು ಪಟ್ಟಿಯ ಕಡೆ ನೋಡಲೂ ಇಲ್ಲ. "ಈಗ ಬ್ಯಾಡ್ರಿ. ಈಗ ಬರದ್ರ ಖರೇನ ಸುಳ್ಳ ಆಕ್ಕತಿ," ಎಂದು ಹೊರಟುಹೋದಳು.

ನಾನು ಗುಗ್ಗರಿ ಬಾಯಿಗೆ ಹಾಕಿಕೊಂಡೆ. ಉಪ್ಪು ಹದವಾಗಿತ್ತು. ಒಳಗಿನಿಂದ ಬಂದ ಸಾಹುಕಾರರು ಬಟ್ಟಲು ನೋಡಿ, "ಏನಪಾ, ಇವತ್ತ ಏನ ಹಬ್ಬ?" ಎಂದರು.

ಆಗಲೂ ಹೇಳಬಹುದಿತ್ತು. ಆಯಿಗೆ ಕೊಟ್ಟ ಮಾತು ನೆನಪಾಯಿತೋ, ನನ್ನ ತಪ್ಪು ಹೊರಬಿದ್ದೀತೆಂದು ಅಂಜಿದೆನೋ, ಅಥವಾ ಹಬ್ಬ ಹೌದೋ ಅಲ್ಲವೋ ನನಗೇ ತಿಳಿಯಲಿಲ್ಲವೋ, ಗೊತ್ತಿಲ್ಲ. "ಏನಿಲ್ರಿ," ಎಂದೆ.

ಕೊಟ್ಟ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ರೀತಿ. ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡಬೇಕು. ಸಂಜೆ ಅಂಗಡಿಯಿಂದ ಬೆಲ್ಲ ಕೊಂಡೆ. ಅದನ್ನು ಕೈಯಲ್ಲಿ ಹಿಡಿದಾಗ ಹೊಳೆಮಣ್ಣೂರಿನ ಬಾಗಿಲು ನೆನಪಾಯಿತು, ಪೆನ್ಸಿಲಿನ ಸಪ್ಪಳಕ್ಕೆ ಕಿವಿಗೊಟ್ಟಿದ್ದ ಮುದುಕಿ ನೆನಪಾದಳು. ಬಟ್ಟಲಿಗೆ ಹಾಕಲಾಗಲಿಲ್ಲ. ತೊಳೆದು, ಖಾಲಿಯಾಗಿಯೇ ಅವರ ಹೊಸ್ತಿಲ ಮೇಲಿಟ್ಟು ಬಂದೆ.

ಮಾದಲಿ ಹಬ್ಬ ಮಾತ್ರ ನಿಲ್ಲಲಿಲ್ಲ. ಶ್ರಾವಣದ ಆ ಗುರುವಾರ ಈಗಲೂ ಗಜೇಂದ್ರಗಡದ ಕೆಲವು ಮನೆಗಳಲ್ಲಿ ಮಾಡುತ್ತಾರೆ, ಹಿರಿಯರು ಮಾಡಿಕೊಂಡು ಬಂದದ್ದು ಎನ್ನುತ್ತಾರೆ. ನನಗೂ ಒಂದು ಬಟ್ಟಲು ಬರುತ್ತದೆ. ಅದರಲ್ಲಿ ಬೆಲ್ಲ ಹಾಕಿ ಹಿಂದಿರುಗಿಸುತ್ತೇನೆ.