ದೊರೆಯ ಬಿಳಿ ವೈನಿಗೆ ಸಾಕಮ್ಮನ ಮೀನು

ಕಳೆದ ಶನಿವಾರ ಹಾಡಹಗಲೇ ನಾನು ಹೆಂಡದಂಗಡಿಯ ಮುಂದೆ ನಿಂತಿದ್ದೆ. ಹೌದು, ನಾನೇ! ಕುಡಿತ ಕೆಟ್ಟದ್ದು ಅಂತ ನಿಮ್ಮ ಮಕ್ಕಳಿಗೆ ಪಾಠ ಹೇಳುವ ಇದೇ ಮೇಷ್ಟ್ರು. (ನೋಡಿದವರು ಆಗಲೇ ಮಾಗಡಿಯವರೆಗೆ ಸುದ್ದಿ ಮುಟ್ಟಿಸಿದ್ದಾರೆ. ಪೂರ್ತಿ ಕಥೆಯನ್ನೂ ಮುಟ್ಟಿಸಿ, ಪುಣ್ಯ ಬರುತ್ತದೆ.)

ನಮ್ಮ ಕ್ಲೋಸ್‌ಪೇಟೆಯ ಮುಸಾಫಿರ್ ಬಂಗಲೆಯ ಅಡಿಗೆಯವರು ಕರೀಂ ಸಾಬರು. ಹೋದ ತಿಂಗಳು ಅಲ್ಲಿಳಿದಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಬಿಳಿ ವೈನಿನ ಜೊತೆ ಊಟ ಕೇಳಿದ. ನಮ್ಮ ಕಡೆ ಗೊತ್ತಲ್ಲ, ಮರ್ಯಾದೆ ಜಾಸ್ತಿಯಾದಷ್ಟೂ ಖಾರ ಜಾಸ್ತಿ. ಸಾಬರು ಹಸಿಮೆಣಸಿನಕಾಯಿ ಅರೆದು ಮಾಂಸದ ಸಾರು ಬಡಿಸಿದರು. ದೊರೆ ಕಣ್ಣೀರು ಸುರಿಸುತ್ತಲೇ ಕಂಪ್ಲೇಂಟ್ ಬರೆದು ಹೋದ. ಇನ್ನೊಂದು ಕಂಪ್ಲೇಂಟ್ ಬಂದರೆ ಕೆಲಸ ಹೋಯಿತು ಅಂದರು ಮೇಲಿನವರು.

ಶನಿವಾರ ರೈಲಿಳಿದು ಬಂದವನು ಯಾರು? ಅದೇ ದೊರೆ! ಕೈಯಲ್ಲಿ ಅದೇ ಥರದ ಬಾಟಲಿ. ಮಧ್ಯಾಹ್ನದ ಊಟ ಇದಕ್ಕೆ ಹೊಂದಬೇಕು ಅಂದನಂತೆ.

ಸಾಬರು ಬಾಟಲಿ ಹಿಡಿದು ನನ್ನ ಮನೆಗೆ ಓಡಿ ಬಂದರು. "ಮೇಷ್ಟ್ರೇ, ಬಾಟಲಿ ಮೇಲಿನ ಚೀಟಿ ಓದಿ ಹೇಳಿ. ಇದರ ಜೊತೆ ಏನ್ ತಿಂತಾರಂತೆ?"

ಮೂರು ಜಾತಿ ದ್ರಾಕ್ಷಿಯ ರಸ ಬೆರೆಸಿದ್ದು ಅಂತಿತ್ತು. ತಿನ್ನುವ ಮಾತೇ ಇರಲಿಲ್ಲ. ಸಾಬರು ಕುಡಿಯುವವರಲ್ಲ, ಧರ್ಮ ಬಿಡದು. ನಾನೂ ಕುಡಿಯುವವನಲ್ಲ, ಹೆಂಡತಿ ಬಿಡಳು. ರುಚಿಯೇ ಗೊತ್ತಿಲ್ಲದ್ದಕ್ಕೆ ಜೋಡಿ ಹುಡುಕುವುದು ಹೇಗೆ ಸ್ವಾಮಿ?

ಆಗ ನೆನಪಾದವಳು ಸಾಕಮ್ಮ. ಹೆಂಡದಂಗಡಿಯ ಪಕ್ಕ ಮೀನು ಹುರಿದು ಮಾರುವವಳು. ಕುಡಿಯುವವರ ನಾಲಿಗೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಇಬ್ಬರೂ ಅಲ್ಲಿಗೇ ಓಡಿದೆವು.

"ಮೂರು ತರದ್ದು ಬೆರೆಸವ್ರಾ?" ಸಾಕಮ್ಮ ನಕ್ಕಳು. "ಅದೇನ್ ದೊಡ್ ವಿಸ್ಯ ಬುಡಿ ಮೇಷ್ಟ್ರೇ. ನಮ್ಮೋರೂ ಈಚಲುದ್ನೂ ತೆಂಗಿಂದ್ನೂ ಬೆರೆಸ್ತಾರೆ. ಹುಳಿ ಐತಾ?"

"ಒಸಿ ಹುಳಿ, ಒಸಿ ಹಣ್ಣಿನ ವಾಸನೆ," ಅಂದರು ಸಾಬರು. (ಹೋದ ಸಲ ಗ್ಲಾಸು ತೊಳೆಯುವಾಗ ಮೂಗಿಗೆ ಬಂದಿತ್ತಂತೆ.)

"ಅಂಗಾದ್ರೆ ಕಾರ ಸೋಕಿಸ್ಬ್ಯಾಡಿ ಸಾಬ್ರೇ, ನಾಲ್ಗೆ ಉರೀತದೆ. ಹೊಳೆ ಮೀನ್ಗೆ ಉಪ್ಪು, ಒಸಿ ಕರಿಮೆಣಸಿನ ಪುಡಿ, ನಿಂಬೆಹಣ್ಣು. ಪಕ್ಕಕ್ಕೆ ಎಳೇ ಅವರೆಕಾಳು ಬೆಣ್ಣೇಲಿ ಬಾಡ್ಸಿ. ಬಾಟ್ಲಿಗೆ ಒದ್ದೆ ಬಟ್ಟೆ ಸುತ್ತಿ ಬಾವೀಲಿ ಇಳಿಬುಡಿ."

ಸಾಬರು ಅರ್ಕಾವತಿ ಹೊಳೆಯ ಮೀನು ಹುರಿದು ದೊರೆಗೆ ಬಡಿಸಿದರು. ನಾನು ಕಿಟಕಿಯ ಹೊರಗೆ ನಿಂತಿದ್ದೆ. ದೊರೆ ಒಂದು ತುಂಡು ತಿಂದ. ಒಂದು ಗುಟುಕು ಕುಡಿದ. ಮತ್ತೆ ತುಂಡು, ಮತ್ತೆ ಗುಟುಕು. ಆಮೇಲೆ ಫೋರ್ಕು ಪಕ್ಕಕ್ಕಿಟ್ಟು ಕೈಯಲ್ಲೇ ಶುರುಮಾಡಿದ! ಗೆದ್ದೆವು ಕಣ್ರೀ, ಗೆದ್ದೆವು!

ವಿಸಿಟರ್ಸ್ ಬುಕ್ಕಿನಲ್ಲಿ "ಫಸ್ಟ್ ಕ್ಲಾಸ್" ಅಂತ ಬರೆದ. ಬೆಂಗಳೂರಿನ ಯಾವ ಹೋಟೆಲಿನಲ್ಲಿ ಕಲಿತೆ ಅಂತ ಸಾಬರನ್ನು ಕೇಳಿದ. ನಾನೇ ಒಳಗೆ ಹೋಗಿ ಇಂಗ್ಲಿಷಿನಲ್ಲಿ ನಿಜ ಹೇಳಿದೆ. ಹೊಟ್ಟೆ ಹಿಡಿದು ನಕ್ಕ ದೊರೆ, ಉಳಿದ ಕಾಲು ಬಾಟಲಿಯನ್ನು ಸಾಕಮ್ಮನಿಗೆ ಕಳಿಸಿಕೊಟ್ಟ.

ಸಾಕಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಇದ್ಕಾ ಸಾಬ್ರ ಕೆಲ್ಸ ತೆಗೀತೀವಿ ಅಂದಿದ್ದು? ನೆನ್ನೆ ಮಿಕ್ಕಿದ್ ಹೆಂಡ ಇದ್ದಂಗೈತೆ!"

ಸಾಬರು ಪಾಸು, ಮೀನು ಪಾಸು. ದೊರೆಯ ವೈನು ಮಾತ್ರ ನಮ್ಮೂರಿನ ಪರೀಕ್ಷೆಯಲ್ಲಿ ಫೇಲು.