ಚಾವಡಿಗೆ ಬಂದ ಚಿಕ್ಕಮ್ಮ

ಅರಶಿನ ಎಲೆ ಆವಿಯಲ್ಲಿ ಬೇಯುವ ಪರಿಮಳ ಎಲ್ಲಿಂದಲಾದರೂ ಬಂದರೆ ನನ್ನ ತಲೆ ತಾನಾಗಿ ತಗ್ಗುತ್ತದೆ. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ನೆನಪಾಗುವುದು ಲಾಯಿಲದ ಅಜ್ಜಿಮನೆಯ ಚಾವಡಿ, ಅಲ್ಲಿ ಕುಳಿತಿದ್ದ ನೆಂಟರು, ಅವರ ಮುಂದೆ ತಣ್ಣಗಾದ ಎಲೆಗಟ್ಟಿಗಳು.

ಅಪ್ಪ ಗಲ್ಫಿನಲ್ಲಿದ್ದುದರಿಂದ ಅಮ್ಮ, ಅಕ್ಕ, ನಾನು ಆ ಮನೆಯಲ್ಲೇ ಇದ್ದೆವು. ಯಜಮಾನಿಕೆ ಅಮ್ಮನ ಅಣ್ಣನಾದ ಮಾವನದ್ದು. ಅಡುಗೆಮನೆ ಅಜ್ಜಿಯದ್ದು ಮತ್ತು ಅಮ್ಮನ ತಂಗಿ ಶಶಿ ಚಿಕ್ಕಮ್ಮನದ್ದು. ಚಿಕ್ಕಮ್ಮನನ್ನು ಮೂಡುಬಿದಿರೆಗೆ ಮದುವೆ ಮಾಡಿ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಅವಳ ಬೆರಳ ತುದಿಗಳಲ್ಲಿ, ಆಮೇಲೆ ತುಟಿಯ ಅಂಚಿನಲ್ಲಿ ಬಿಳಿ ಕಲೆಗಳು ಕಾಣಿಸಿಕೊಂಡವು. ತೊನ್ನು ಮುಚ್ಚಿಟ್ಟು ಹೆಣ್ಣು ಕೊಟ್ಟಿರಿ ಎಂದು ಗಂಡನ ಮನೆಯವರು ಅವಳನ್ನು ಜೀಪಿನಲ್ಲಿ ತಂದು ಅಂಗಳದಲ್ಲಿ ಇಳಿಸಿ, ನೀರನ್ನೂ ಕುಡಿಯದೆ ಹೊರಟುಹೋದರು. ಅಂದಿನಿಂದ ಮನೆಗೆ ನಾಲ್ಕು ಜನ ಬಂದರೆ ಚಿಕ್ಕಮ್ಮ ಹಿಂದಿನ ಕೋಣೆ ಸೇರಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮಾವ ಒಮ್ಮೆ ಕೆಮ್ಮಿದರೆ ಸಾಕು, ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡು ಎದ್ದು ಹೋಗುತ್ತಿದ್ದಳು. ಅದೇ ಕೈ ನಮ್ಮ ತಲೆ ಬಾಚುತ್ತಿತ್ತು. ಅದೇ ಕೈಯ ಅಡುಗೆಯನ್ನು ನಾವೆಲ್ಲ ಬೆರಳು ಚೀಪಿ ಉಣ್ಣುತ್ತಿದ್ದೆವು.

ಅಕ್ಕನನ್ನು ನೋಡಲು ನಾರಾವಿ ಕಡೆಯವರು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಚಿಕ್ಕಮ್ಮ ಬೆಳಗ್ಗೆಯೇ ಅಕ್ಕಿ ಅರೆದು, ಅರಶಿನ ಎಲೆಗೆ ಹಚ್ಚಿ, ಬೆಲ್ಲ ಕಾಯಿತುರಿ ತುಂಬಿ ಎಲೆಗಟ್ಟಿ ಬೇಯಿಸಿಟ್ಟಿದ್ದಳು. ಕಾರಿನ ಸದ್ದು ಕೇಳಿದ್ದೇ ಎಂದಿನಂತೆ ಕೋಣೆಗೆ ಹೋದಳು. ಹುಡುಗನ ತಾಯಿ ಎಲೆ ಬಿಡಿಸುತ್ತಾ, "ಒಳ್ಳೆ ಪರಿಮಳ ಉಂಟು. ಯಾರು ಮಾಡಿದ್ದು?" ಎಂದು ಕೇಳಿದರು.

"ಹುಡುಗಿಯೇ," ಎಂದರು ಮಾವ.

"ಅಲ್ಲ, ನನ್ನ ಸಣ್ಣ ಮಗಳು ಮಾಡಿದ್ದು," ಎಂದ ಅಜ್ಜಿ ಒಳಗೆ ತಿರುಗಿ ಕರೆದರು: "ಶಶೀ, ಇಲ್ಲಿ ಬಾ ಮಗಾ. ಕೇಳ್ತಾ ಇದ್ದಾರೆ."

ಚಿಕ್ಕಮ್ಮ ಬಾಗಿಲಲ್ಲಿ ಬಂದು ನಿಂತಳು. ಅಜ್ಜಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಸೆರಗಿನೊಳಗಿದ್ದ ಕೈಯನ್ನು ಹೊರಗೆಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಹುಡುಗನ ತಾಯಿ ಬಿಡಿಸಿದ ಎಲೆಯನ್ನು ಹಾಗೆಯೇ ಮಡಚಿಟ್ಟರು. "ಹೊತ್ತಾಯಿತು, ಹೋಗುವ," ಎಂದು ಎಲ್ಲರೂ ಎದ್ದರು. ನನ್ನ ಕಿವಿ ಸುಡುತ್ತಿತ್ತು. ಅದು ಅಜ್ಜಿಯ ಮೇಲಿನ ಸಿಟ್ಟು ಎಂದೇ ಆಗ ತಿಳಿದಿದ್ದೆ. ನಾಚಿಕೆಯೆಂದು ತಿಳಿಯಲು ವರ್ಷಗಳು ಬೇಕಾದವು.

"ಮನೆಯ ಮರ್ಯಾದೆ ತೆಗೆದಿರಲ್ಲ ಅಮ್ಮ," ಎಂದರು ಮಾವ.

"ಇವಳನ್ನು ಒಳಗೆ ಕೂರಿಸಿದಾಗಲೇ ನಾವು ಅದನ್ನು ತೆಗೆದಾಗಿದೆ," ಎಂದ ಅಜ್ಜಿ ಒಂದು ಎಲೆಗಟ್ಟಿ ಬಿಡಿಸಿ ಚಿಕ್ಕಮ್ಮನ ಕೈಗೆ ಕೊಟ್ಟರು. ಅಕ್ಕ ಬಂದು ಅವರಿಬ್ಬರ ಹತ್ತಿರ ಕುಳಿತಳು. ನಾವು ಉಳಿದವರು ನಿಂತೇ ಇದ್ದೆವು.

ಅಕ್ಕನಿಗೆ ಮುಂದೆ ಒಳ್ಳೆಯ ಮನೆಯೇ ಸಿಕ್ಕಿತು. ಚಿಕ್ಕಮ್ಮನನ್ನು ಅಜ್ಜಿ ಹಠ ಹಿಡಿದು ಬೆಳ್ತಂಗಡಿ ಪೇಟೆಗೆ ಹೊಲಿಗೆ ಕಲಿಯಲು ಕಳುಹಿಸಿದರು. ಕಲಿತು ಬಂದವಳು ಮೆಷಿನನ್ನು ಚಾವಡಿಯಲ್ಲೇ ಇಟ್ಟುಕೊಂಡಳು. ಸುತ್ತಲಿನ ಹುಡುಗಿಯರು ಅವಳ ಬಳಿ ಕಲಿಯಲು ಬಂದರು, ಮದುವೆಯಾಗಿ ದೂರ ಹೋದ ಮೇಲೂ ರವಿಕೆ ಹೊಲಿಸಲು ಬರುತ್ತಿದ್ದರು. ಅಜ್ಜಿ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ಕಾಮಾಲೆ ಚಿಕ್ಕಮ್ಮನನ್ನೂ ಕರೆದೊಯ್ದಿತು.

ಆ ದಿನ ನಮಗೆ ಗುರುತಿಲ್ಲದ ಎಷ್ಟೋ ಹೆಂಗಸರು ಬಂದರು. ಗೇಟಿನ ಬಳಿ ನಿಂತಿದ್ದ ಮಾವನನ್ನು ಒಬ್ಬಳು, "ಶಶಿಯಕ್ಕನ ಮನೆ ಇದೇಯಾ?" ಎಂದು ಕೇಳಿದಳು. ಊರೆಲ್ಲ ಆ ಮನೆಯನ್ನು ಗುರುತಿಸುತ್ತಿದ್ದದ್ದು ಮಾವನ ಹೆಸರಿನಿಂದ. ಅವರು ತಲೆ ಎತ್ತಲಿಲ್ಲ.

"ಹೌದು, ಅವಳದ್ದೇ ಮನೆ," ಎಂದು ದಾರಿ ಬಿಟ್ಟು ಬದಿಗೆ ನಿಂತರು.