ಮಸ್ಕಿಯಲ್ಲಿ ಹೆಪ್ಪುಗಟ್ಟಿದ ಡೀಸೆಲ್

ಮೊನ್ನೆ ಸಿಂಧನೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಡೀಸೆಲ್ ಫಿಲ್ಟರ್ ಬದಲಿಸಿ, ಅದರ ತಲೆಯ ಮೇಲಿನ ಚಿಕ್ಕ ಸ್ಕ್ರೂ ಸಡಿಲಿಸಿದ. ಗುಳುಗುಳು ಎಂದು ಗಾಳಿ ಹೊರಬಂದು, ಹಿಂದೆಯೇ ಡೀಸೆಲ್ ಜಿನುಗಿತು. ಆ ಸ್ಕ್ರೂ ಸಡಿಲ ಉಳಿದರೆ ಒಳಗೆ ಗಾಳಿ ಹೊಕ್ಕು, ಜಪ್ಪಯ್ಯ ಅಂದರೂ ಗಾಡಿ ಶುರುವಾಗುವುದಿಲ್ಲವಂತೆ. ಕೈ ಒರೆಸಿಕೊಳ್ಳಲು ಅವನು ಕೊಟ್ಟ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮಸ್ಕಿಯ ಅತ್ತೆ ಹೊಲಿದ ಕೌದಿ ನೆನಪಾಯಿತು.

ಹಳೇ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿಯನ್ನು ಎಲ್ಲರ ಮನೆಯಲ್ಲೂ ಮನುಷ್ಯರು ಹೊದೆಯುತ್ತಾರೆ. ನಮ್ಮ ಮಾವನ ಮನೆಯಲ್ಲಿ ಕಾರು ಹೊದೆಯುತ್ತಿತ್ತು.

ಮಾವ ಅಂದರೆ ನನ್ನ ತಾಯಿಯ ತಮ್ಮ, ಮಸ್ಕಿಯಲ್ಲಿ ಕಿರಾಣಿ ವ್ಯಾಪಾರಿ. ಒಮ್ಮೆ ಗೆಳೆಯರನ್ನು ತುಂಬಿಕೊಂಡು ಕಾರಿನಲ್ಲೇ ಹಿಮಾಲಯದ ಯಾತ್ರೆ ಮಾಡಿ ಬಂದಿದ್ದ. ಅಲ್ಲಿ ಒಂದು ಮುಂಜಾನೆ ಡೀಸೆಲ್ ತುಪ್ಪದ ಹಾಗೆ ಹೆಪ್ಪುಗಟ್ಟಿತಂತೆ. ಫಿಲ್ಟರಿಗೆ ಬಿಸಿನೀರು ಹೊಯ್ದು, ಸ್ಕ್ರೂ ಸಡಿಲಿಸಿ ಗಾಳಿ ತೆಗೆದು, ಮತ್ತೆ ಬಿಗಿದು ಪಾರಾದರಂತೆ. ಈ ಪುರಾಣವನ್ನು ಮನೆಗೆ ಬಂದವರಿಗೆಲ್ಲ ಬಾನೆಟ್ ಎತ್ತಿ, ಬೆರಳಿಟ್ಟು ತೋರಿಸಿ ಹೇಳುತ್ತಿದ್ದ. ನಾವು ಹೂಂಗುಟ್ಟುತ್ತ ಮಿರ್ಚಿ-ಮಂಡಾಳು ಮುಕ್ಕುತ್ತಿದ್ದೆವು. ನಮ್ಮ ಸೀಮೆಯ ಚಳಿ ನಿಮಗೆ ಗೊತ್ತಲ್ಲ, ಕಿವಿಗೊಂದು ಮಫ್ಲರ್ ಸುತ್ತಿದರೆ ಅದರ ಕಥೆ ಮುಗಿಯಿತು. ಆದರೂ ಮಾರ್ಗಶಿರ ಬಂತೆಂದರೆ ಅತ್ತೆಯ ಹೊಸ ಕೌದಿ ಎಂಜಿನ್ನಿನ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಅದನ್ನು ತೆಗೆದು ಮಡಿಸಿಡುವುದು ಮಾವನ ಮಗಳು ಗೌರಿಯ ಕೆಲಸ.

ಆ ಗೌರಿಗೆ ಲಿಂಗಸುಗೂರಿನ ಸಂಬಂಧ ಕೂಡಿಬಂತು. ಮಾವನ ಹಳೇ ಗೆಳೆಯರ ಮನೆತನ, ಬೇಡ ಅನ್ನುವ ಹಾಗಿಲ್ಲ. ಅವಳನ್ನು ನನಗೇ ಕೊಡಿ ಎಂದು ಕೇಳುವ ಆಸೆ ನನಗೆ ಹೊಟ್ಟೆತುಂಬ ಇತ್ತು, ಬಾಯಿ ಮಾತ್ರ ಬರಲಿಲ್ಲ. ಅಂಥ ಶೂರ ನಾನು. ಮಾತು ಮುಗಿಸಲು ಹೊರಡುವ ದಿನ ಎಲೆ-ಅಡಿಕೆ, ಹಣ್ಣು, ಹಿರಿಯರು ಎಲ್ಲ ಕಾರು ಹತ್ತಿಯಾಯಿತು. ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು.

ಮಾವ ಬಾನೆಟ್ ಎತ್ತಿ ಬಗ್ಗಿ ನೋಡಿದ. “ಥಂಡಿಗಿ ಡೀಸೆಲ್ ಗಟ್ಟಿ ಆಗ್ಯಾದ. ನಾ ಹೇಳಿದ್ದಿಲ್ಲೇನು?” ಎಂದು ಬಿಸಿನೀರು ತರಿಸಿ ಅಭಿಷೇಕ ಮಾಡಿದ. ನಾವು ದಬ್ಬಿದೆವು. ಎಲ್ಲರಿಗಿಂತ ಜೋರಾಗಿ ದಬ್ಬಿದವನು ನಾನೇ. ಗೌರಿ ಕೌದಿ ಹಿಡಿದು ಕಟ್ಟೆಯ ಮೇಲೆ ನಿಂತು ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಳು. ಗಾಡಿ ಶುರುವಾಗದ್ದಕ್ಕೆ ಸಿಟ್ಟು ಬಂದಿದೆಯೆಂದು ತಿಳಿದು ಇನ್ನಷ್ಟು ಜೋರಾಗಿ ದಬ್ಬಿದೆ.

ಇಂಥ ಕಾರ್ಯಕ್ಕೆ ಹೊರಟಾಗ ಅಡ್ಡಿಯಾದರೆ ನಮ್ಮ ಕಡೆ ಆ ಸಂಬಂಧ ಮುಂದುವರಿಸುವುದಿಲ್ಲ. ಬೇರೆ ಗಾಡಿ ತರುತ್ತೇನೆಂದು ನಾನು ಓಡಲು ಸಿದ್ಧನಾದೆ. ಮಾವ ಕೇಳಿಯೂ ಕೇಳದವನಂತೆ ಲಿಂಗಸುಗೂರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದ. ಆ ಕಡೆಯ ಹಿರಿಯರು ತಮ್ಮೊಳಗೇ ಮಾತಾಡಿಕೊಂಡರು. ಆಮೇಲೆ, “ಮಸ್ಕಿಯಾಗ ಡೀಸೆಲ್ ಹೆಪ್ಪುಗಟ್ಟ್ಯಾದಂದ್ರ, ಇದು ದೇವರಿಗೇ ಮನಸ್ಸಿಲ್ಲದ ಸಂಬಂಧ ರೀ” ಅಂದರು. ಯಾರ ಮುಖವೂ ಕೆಡದೆ ಮಾತು ಮುರಿಯಿತು. ಆಮೇಲೆ ನಮ್ಮವ್ವನೇ ತಮ್ಮನನ್ನು ಕೇಳಿ, ಗೌರಿ ನನ್ನ ಹೆಂಡತಿಯಾಗಿ ಬಂದಳು. ಅವಳ ಜೊತೆ ಆ ಕೌದಿಯೂ ಬಂತು. ಅದರ ಒಂದು ಮೂಲೆಯ ಡೀಸೆಲ್ ಕಲೆ, ವಾಸನೆ ಎಷ್ಟು ಒಗೆದರೂ ಹೋಗಿಲ್ಲ.

ಬಿಸಿನೀರು ಹೊಯ್ದರೆ ಕೌದಿಗೆ ಡೀಸೆಲ್ ಯಾಕೆ ಹತ್ತಬೇಕು? ಇಷ್ಟು ವರ್ಷ ಹೊಳೆಯದ ಪ್ರಶ್ನೆ ಮೊನ್ನೆ ಗ್ಯಾರೇಜಿನಲ್ಲಿ ಹೊಳೆಯಿತು. ಸ್ಕ್ರೂ ಸಡಿಲಿಸಿದರೆ ತಾನೇ ಡೀಸೆಲ್ ಜಿನುಗುವುದು? ಅಲ್ಲಿಂದಲೇ ಮಾವನಿಗೆ ಫೋನ್ ಹಚ್ಚಿ, ಸ್ಕ್ರೂ ಸಡಿಲಿಸಿದ ಕಳ್ಳ ನೀನೇ ಅಲ್ಲವೇ ಎಂದು ಕೇಳಿದೆ. ಮಾವ ಬಹಳ ಹೊತ್ತು ನಕ್ಕ.

“ಮಸ್ಕಿಯಾಗ ಡೀಸೆಲ್ ಗಟ್ಟಿ ಆಗತದೇನೋ ಹುಚ್ಚಾ? ಸ್ಕ್ರೂ ಸಡ್ಲ ಇದ್ದದ್ದು ಬಗ್ಗಿದ ಕೂಡ್ಲೇ ಕಂಡೆ. ಮಾಡಿದಾಂವ ನಾ ಅಲ್ಲ. ಸಾವಿರ ಸಲ ಹೇಳಿದ ಕತಿ ಮನ್ಯಾಗ ಒಬ್ರರೆ ಲಕ್ಷ್ಯ ಕೊಟ್ಟು ಕೇಳ್ಯಾರಂತ ಖುಷಿ ಆತು. ಅಷ್ಟು ಕಷ್ಟಪಟ್ಟು ಬ್ಯಾಡ ಅಂದವರಿಗಿ ಏನನ್ಲಿ? ಸುಮ್ನ ಬಿಸಿನೀರು ಹೊಯ್ದೆ.”

ಯಾರೆಂದು ಅವನು ಹೇಳಲಿಲ್ಲ. ಅತ್ತೆಯೇ ಇರಬೇಕು, ಕೌದಿ ಅವಳದಲ್ಲವೇ ಎಂದು ಲೆಕ್ಕ ಹಾಕುತ್ತ ಮನೆಗೆ ಬಂದೆ. ಗೌರಿ ಬಾಗಿಲಲ್ಲೇ ನನ್ನ ಅಂಗಿಯ ತೋಳು ಮೂಸಿದಳು. ನಾನಿನ್ನೂ ಏನೂ ಹೇಳಿರಲಿಲ್ಲ.

“ಫಿಲ್ಟರಿನ ಸ್ಕ್ರೂ ಬಿಗಿ ಮಾಡ್ಯಾರಿಲ್ಲೋ ನೋಡ್ಕೊಂಡು ಬಂದ್ರೇನ್ರಿ?”

ನಾನು ತಿರುಗಿ ಕಾರಿನ ಕಡೆ ನೋಡಿದೆ.

“ಎಲ್ಲಿ ನೋಡ್ತೀರಿ. ನಿಮಗ ದಬ್ಬೂದೊಂದ ಗೊತ್ತು” ಎಂದು ಅವಳು ಚಹಾ ಇಡಲು ಒಳಗೆ ಹೋದಳು.